ಪೌರತ್ವ ತ್ಯಾಗವೂ ತೆರಿಗೆಯ ಋಣವೂ

ಕಡೂರು ತಾಲ್ಲೂಕಿನ ಚೌಳಹಿರಿಯೂರಿನಲ್ಲಿ ಹುಟ್ಟಿ ಬೆಳೆದ ರೈತನೊಬ್ಬನು 1940ರಲ್ಲಿ ಮೈಸೂರು ಮಹಾರಾಜರ ಪ್ರಜೆ. ಸಮುದ್ರ ದಾಟಿದರೆ ಆಂಗ್ಲ ನ್ಯಾಯದ ದೃಷ್ಟಿಯಲ್ಲಿ ಆತನು ಬ್ರಿಟಿಷ್ ರಕ್ಷಣೆಗೆ ಒಳಪಟ್ಟವನೇ ಹೊರತು ಬ್ರಿಟಿಷ್ ಪ್ರಜೆಯಲ್ಲ. ಅಂದಿನ ಬಳ್ಳಾರಿಯವನಾದರೋ ಬ್ರಿಟಿಷ್ ಪ್ರಜೆ. ಈ ರೈತನು ಒಂದು ಅರ್ಜಿಯನ್ನೂ ಬರೆಯದೆ ಭಾರತದ ಪೌರನಾದನು. ಸಂವಿಧಾನದ ಪೌರತ್ವ ವಿಧಿಗಳು 1949ರ ನವೆಂಬರ್ 26ರಂದೇ ಜಾರಿಗೆ ಬಂದವು. ಕೇಂದ್ರದ 1922ರ ವರಮಾನ ತೆರಿಗೆ ಕಾಯಿದೆ ಮೈಸೂರಿಗೆ ವಿಸ್ತರಿಸಿದುದು 1950ರ ಏಪ್ರಿಲ್ 1ರಂದು. ಪೌರತ್ವಕ್ಕೊಂದು ದಿನ, ತೆರಿಗೆಗೊಂದು ದಿನ: ಇವೆರಡೂ ಬೇರೆ ಬೇರೆ ಬಂಧನಗಳೆಂಬುದನ್ನು ವಿದ್ಯಾರ್ಥಿಗಳು ಇಲ್ಲಿಯೇ ಗುರುತಿಸಬಹುದು.

ಪೌರತ್ವವನ್ನು ಬಿಡುವಾಗಲೂ ಈ ಭೇದ ಉಳಿಯಿತು. 1955ರ ಪೌರತ್ವ ಕಾಯಿದೆಯ 8ನೆಯ ಪ್ರಕರಣದಂತೆ ಘೋಷಣೆ ಬರೆದು ನೋಂದಾಯಿಸಿದವನು ಪೌರತ್ವವನ್ನು ತ್ಯಜಿಸುತ್ತಾನೆ. ಅವನ ಅಪ್ರಾಪ್ತವಯಸ್ಕ ಮಕ್ಕಳೂ ಅದನ್ನು ಕಳೆದುಕೊಳ್ಳುತ್ತಾರೆ. ಸ್ವೇಚ್ಛೆಯಿಂದ ಪರದೇಶದ ಪೌರತ್ವ ಪಡೆದವನಿಗೆ ಘೋಷಣೆಯ ಅಗತ್ಯವೇ ಇಲ್ಲ, 9ನೆಯ ಪ್ರಕರಣದಿಂದ ಅದು ತಾನಾಗಿ ಕೊನೆಗೊಳ್ಳುತ್ತದೆ. ಪಾಸ್‌ಪೋರ್ಟನ್ನು ಒಪ್ಪಿಸಿ ಪಡೆಯುವ ಪತ್ರ ಈ ಸಂಗತಿಗೆ ಸಾಕ್ಷಿಯೇ ಹೊರತು ಕಾರಣವಲ್ಲ. ತೆರಿಗೆ ಬಾಕಿಯಿಲ್ಲವೆಂಬ ಪ್ರಮಾಣಪತ್ರವನ್ನು 1961ರ ವರಮಾನ ತೆರಿಗೆ ಕಾಯಿದೆಯ 230ನೆಯ ಪ್ರಕರಣ ವಲಸೆ ಹೊರಡುವವನಿಂದ ಕೇಳುತ್ತಿತ್ತು. ವಿಚಾರಿಸದೆ ಹತ್ತಿಸಿಕೊಂಡ ಹಡಗಿನ ಒಡೆಯನೇ ಬಾಕಿಗೆ ಹೊಣೆಯಾಗುತ್ತಿದ್ದನು! 2003ರಲ್ಲಿ ಈ ಬಿಗಿಯನ್ನು ಬಹುಮಟ್ಟಿಗೆ ಸಡಿಲಿಸಲಾಯಿತು. ಗಮನಿಸತಕ್ಕುದೆಂದರೆ, ಕಾಯಿದೆ ಕೇಳಿದುದು ನಿರ್ಗಮನವನ್ನು, ಪೌರತ್ವವನ್ನಲ್ಲ. ತೆರಿಗೆಯ ವ್ಯಾಪ್ತಿಯನ್ನು ನಿರ್ಣಯಿಸುತ್ತಿದ್ದುದೂ ವರ್ಷದಲ್ಲಿ 182 ದಿನಗಳ ವಾಸವೇ ಮೊದಲಾದ ಲೆಕ್ಕ. 2020ರ ಹಣಕಾಸು ಕಾಯಿದೆ ಮಾತ್ರ ಈ ಸಂಪ್ರದಾಯವನ್ನು ಮುರಿದು, ಬೇರೆಲ್ಲಿಯೂ ತೆರಿಗೆಗೆ ಒಳಪಡದ, ವಿದೇಶೀ ಮೂಲದ್ದನ್ನು ಬಿಟ್ಟು 15 ಲಕ್ಷ ರೂಪಾಯಿಗೆ ಮೀರಿದ ವರಮಾನವುಳ್ಳ ಪೌರನನ್ನು ನಿವಾಸಿಯೆಂದೇ ಭಾವಿಸಿತು. ನಮ್ಮ ಅಭಿಪ್ರಾಯದಲ್ಲಿ ಇದು ಸಣ್ಣ ತಿದ್ದುಪಡಿಯಲ್ಲ.

ಅಮೆರಿಕದ ಮಾರ್ಗ ಬೇರೆ. ಅಲ್ಲಿ ಪೌರನು ಎಲ್ಲಿದ್ದರೂ ತೆರಿಗೆಗೆ ಬಾಧ್ಯ. 1966ರಿಂದಲೇ ಪೌರತ್ವ ತ್ಯಜಿಸುವವರ ಮೇಲೆ ವಿಶೇಷ ತೆರಿಗೆ ನಿಯಮಗಳಿವೆ. 2008ರ ಶಾಸನವಂತೂ 20 ಲಕ್ಷ ಡಾಲರು ಮುಟ್ಟಿದ ಆಸ್ತಿವಂತನು ತ್ಯಾಗದ ಹಿಂದಿನ ದಿನ ಸರ್ವಸ್ವವನ್ನೂ ಮಾರಿದನೆಂದು ಭಾವಿಸಿ ಲಾಭವನ್ನು ಲೆಕ್ಕಹಾಕುತ್ತದೆ. 8854ನೆಯ ನಮೂನೆಯನ್ನು ಅವನು ತುಂಬಲೇಬೇಕು.

ಚೌಳಹಿರಿಯೂರಿನ ತೆಂಗಿನ ತೋಟವೊಂದನ್ನು ಅಮೆರಿಕದ ಪೌರನಾದ ಮಗನು ಪಿತ್ರಾರ್ಜಿತವಾಗಿ ಪಡೆದನೆನ್ನೋಣ. ತೋಟ ಅವನ ಕೈತಪ್ಪದು, ಹೊಸದಾಗಿ ಸಾಗುವಳಿ ಭೂಮಿಯನ್ನು ಕೊಳ್ಳಲು ಮಾತ್ರ ಅವಕಾಶವಿಲ್ಲ. ಕಾಯಿಯ ವರಮಾನ ಕೃಷಿಯದಾದುದರಿಂದ ದೆಹಲಿ ಅದಕ್ಕೆ ನೇರವಾಗಿ ತೆರಿಗೆ ಹಾಕದು. ಆದರೆ ಮುಪ್ಪಿನಲ್ಲಿ ಊರಿಗೆ ಮರಳಿ ನೆಲೆಸಿದರೂ ಅದನ್ನು ಅವನು ವಾಷಿಂಗ್ಟನ್ನಿನ ಲೆಕ್ಕಕ್ಕೆ ತೋರಿಸಬೇಕು.