ಸಲಹೆ ಕೊಡದ ಸಲಹೆಗಾರ

ಮನಸ್ಸು ನೊಂದಾಗ ಆ ನೋವಿನ ಮೂಲ ಯಾರಿಗೆ ಗೊತ್ತು? ಚಿಕಿತ್ಸಕನಿಗೋ, ನೋವು ಉಣ್ಣುವವನಿಗೋ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದಕ್ಕೆ ಉತ್ತರ ಖಚಿತವಾಗಿತ್ತು. ಫ್ರಾಯ್ಡ್ ಹಾಕಿಕೊಟ್ಟ ಪದ್ಧತಿಯಲ್ಲಿ ರೋಗಿ ಮಂಚದ ಮೇಲೆ ಮಲಗಿ ಮಾತನಾಡುತ್ತಿದ್ದ; ತಲೆಯ ಹಿಂದೆ ಕುಳಿತ ತಜ್ಞ ಆ ಮಾತಿನ ಅರ್ಥ ಬಿಡಿಸುತ್ತಿದ್ದ. ಈ ಏಣಿಯನ್ನು ತೆಗೆದುಹಾಕಿ ಇಬ್ಬರನ್ನೂ ಎದುರುಬದುರು ಕೂರಿಸಿದವರಲ್ಲಿ ಪ್ರಮುಖ ಹೆಸರು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ (1902-1987) ಅವರದು.

ಶಿಕಾಗೊ ಬಳಿಯ ಓಕ್ ಪಾರ್ಕ್‌ನ ಕಟ್ಟುನಿಟ್ಟಿನ ಕ್ರೈಸ್ತ ಮನೆತನದಲ್ಲಿ ಹುಟ್ಟಿದ ರೋಜರ್ಸ್ ಮೊದಲು ಕೃಷಿ, ಬಳಿಕ ದೇವಶಾಸ್ತ್ರದ ಕಡೆ ಹೊರಳಿ, ಕೊನೆಗೆ ಮನಶ್ಶಾಸ್ತ್ರಕ್ಕೆ ಬಂದವರು. 1928ರಿಂದ 12 ವರ್ಷ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿ ತೊಂದರೆಗೊಳಗಾದ ಮಕ್ಕಳ ನಡುವೆ ಕೆಲಸ ಮಾಡಿದರು. ಅಲ್ಲಿನ ಒಂದು ಪ್ರಸಂಗವನ್ನು ಅವರೇ ಬರೆದಿದ್ದಾರೆ. ತುಂಟ ಮಗನ ಬಗ್ಗೆ ದೂರು ತಂದ ತಾಯಿಯೊಬ್ಬಳಿಗೆ, ಎಳವೆಯಲ್ಲಿ ಅವಳೇ ಮಗುವನ್ನು ದೂರವಿಟ್ಟದ್ದು ಕಾರಣ ಎಂದು ಮನಗಾಣಿಸಲು ಅವರು ಹಲವು ಭೇಟಿಗಳಲ್ಲಿ ಯತ್ನಿಸಿದರು. ಫಲ ಸಿಗಲಿಲ್ಲ. ಇಬ್ಬರೂ ಸೋಲೊಪ್ಪಿಕೊಂಡರು. ಬಾಗಿಲವರೆಗೆ ಹೋದ ಆಕೆ ತಿರುಗಿ ನಿಂತು, ಇಲ್ಲಿ ದೊಡ್ಡವರ ಕಷ್ಟ ಕೇಳುತ್ತೀರಾ ಎಂದಳು. ಮತ್ತೆ ಬಂದು ಕುಳಿತು ತನ್ನ ಕುಸಿಯುತ್ತಿದ್ದ ದಾಂಪತ್ಯದ ಕಥೆ ಬಿಚ್ಚಿದಳು. ನಿಜವಾದ ಚಿಕಿತ್ಸೆ ಆರಂಭವಾದದ್ದೇ ಆಗ, ಮಗನೂ ಸುಧಾರಿಸಿದ. ಎಲ್ಲಿ ನೋಯುತ್ತದೆ, ಯಾವ ದಿಕ್ಕಿಗೆ ಹೋಗಬೇಕು ಎಂಬುದು ಬಂದವರಿಗೇ ಗೊತ್ತಿರುತ್ತದೆ ಎಂಬ ಪಾಠ ರೋಜರ್ಸ್‌ಗೆ ಸಿಕ್ಕಿದ್ದು ಹೀಗೆ.

1942ರಲ್ಲಿ ಬಂದ ಅವರ ಪುಸ್ತಕ ಎರಡು ಕಾರಣಕ್ಕೆ ಸುದ್ದಿಯಾಯಿತು. ‘ರೋಗಿ’ ಎಂಬ ಪದವನ್ನು ಬಿಟ್ಟು ಅವರು ‘ಕ್ಲಯಂಟ್’ ಎಂದರು. ವಕೀಲರ ಬಳಿ ಹೋದ ಕಕ್ಷಿದಾರ ನೆರವು ಪಡೆಯುತ್ತಾನೆ, ಆದರೆ ವ್ಯಾಜ್ಯ ಅವನದೇ ತಾನೆ? ಜೊತೆಗೆ, ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸಿಕೊಂಡ ಎಂಟು ಭೇಟಿಗಳ ಸಂಭಾಷಣೆಯನ್ನು, ವ್ಯಕ್ತಿಯ ಹೆಸರು ಬದಲಿಸಿ, ಮಾತಿಗೆ ಮಾತು ಅಚ್ಚು ಮಾಡಿಸಿದರು. ಅಲ್ಲಿಯವರೆಗೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತಿದ್ದ ಚಿಕಿತ್ಸೆ ಎಲ್ಲರ ಪರಿಶೀಲನೆಗೆ ತೆರೆದುಕೊಂಡಿತು. ಚಿಕಿತ್ಸಕ ಪ್ರಾಮಾಣಿಕನಾಗಿರಬೇಕು, ಎದುರಿನವರನ್ನು ಷರತ್ತಿಲ್ಲದೆ ಒಪ್ಪಿಕೊಳ್ಳಬೇಕು, ಅವರ ಕಣ್ಣಿನಿಂದಲೇ ಲೋಕವನ್ನು ನೋಡಬೇಕು ಎಂಬುದು 1957ರಲ್ಲಿ ಅವರು ಮಂಡಿಸಿದ ವಾದದ ತಿರುಳು.

ಆಕ್ಷೇಪಗಳೂ ಇಲ್ಲದಿರಲಿಲ್ಲ. ಅದೇ ವರ್ಷ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ನಡೆದ ಸಂವಾದದಲ್ಲಿ ತತ್ವಜ್ಞಾನಿ ಮಾರ್ಟಿನ್ ಬೂಬರ್ ನೇರವಾಗಿ ಕೆಣಕಿದರು. ಸಹಾಯ ಬೇಡಿ ಬಂದವನೂ ಸಹಾಯ ಮಾಡುವವನೂ ಸಮಾನರಾಗುವುದು ಹೇಗೆ? ಬಂದವನು ಚಿಕಿತ್ಸಕನನ್ನು ನೋಡುವ ಸ್ಥಿತಿಯಲ್ಲೇ ಇರುವುದಿಲ್ಲವಲ್ಲ! ಆ ಕ್ಷಣದ ಭೇಟಿಯಲ್ಲಾದರೂ ಸಮಾನತೆ ಸಾಧ್ಯ ಎಂಬುದು ರೋಜರ್ಸ್ ಪಟ್ಟು. ಮುಂದೆ ವಿಸ್ಕಾನ್ಸಿನ್‌ನಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳೊಂದಿಗೆ ಅವರ ತಂಡ ನಡೆಸಿದ ದೀರ್ಘ ಅಧ್ಯಯನದ ವರದಿ 1967ರಲ್ಲಿ ಪ್ರಕಟವಾದಾಗ, ಫಲಿತಾಂಶ ನಿರೀಕ್ಷಿಸಿದಷ್ಟು ಆಶಾದಾಯಕವಾಗಿರಲಿಲ್ಲ. ಕೇಳಿಸಿಕೊಳ್ಳುವುದು ಅಗತ್ಯ, ಆದರೆ ಅದೊಂದೇ ಸಾಲದು ಎಂದು ಮನೋವೈದ್ಯ ಆರನ್ ಬೆಕ್ ವಾದಿಸಿದರು. ಆದರೂ ಬೆಕ್ ರೂಪಿಸಿದ ಪದ್ಧತಿಯಲ್ಲೂ ಚಿಕಿತ್ಸಕ ಮತ್ತು ರೋಗಿ ಜೊತೆಗೂಡಿಯೇ ಆಲೋಚನೆಗಳ ಸತ್ಯಾಸತ್ಯ ಪರೀಕ್ಷಿಸುತ್ತಾರೆ ಎಂಬುದು ಗಮನಾರ್ಹ.

ಕನ್ನಡದಲ್ಲಿ ಕೌನ್ಸೆಲಿಂಗ್‌ಗೆ ‘ಆಪ್ತ ಸಲಹೆ’, ‘ಆಪ್ತ ಸಮಾಲೋಚನೆ’ ಎಂಬ ಎರಡು ಪದಗಳು ಬಳಕೆಯಲ್ಲಿವೆ. ಸಲಹೆ ಒಬ್ಬರು ಕೊಡುವಂಥದು, ಇನ್ನೊಬ್ಬರು ಪಡೆಯುವಂಥದು. ಸಮಾಲೋಚನೆಗೆ ಇಬ್ಬರೂ ಬೇಕು. ಕಷ್ಟ ಹೇಳಿಕೊಂಡವರಿಗೆ ತಕ್ಷಣ ಬುದ್ಧಿಮಾತು ಹೇಳುವವರಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ಪೂರ್ತಿ ಕೇಳಿಸಿಕೊಳ್ಳುವವರು ವಿರಳ. ರೋಜರ್ಸ್ ಆರಿಸಿಕೊಂಡದ್ದು ಆ ವಿರಳರ ದಾರಿಯನ್ನು.