ಮನೆ ತಾರಸಿಯ ಸೌರವಿದ್ಯುತ್ (ಕರ್ನಾಟಕ)

ಮನೆಯ ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿ ಬಿಸಿಲಿನಿಂದ ಕರೆಂಟು ಪಡೆದು, ಹಗಲು ಮಿಕ್ಕಿದ್ದನ್ನು ವಿದ್ಯುತ್ ಸರಬರಾಜು ಕಂಪನಿಗಳ (ಎಸ್ಕಾಂ) ಜಾಲಕ್ಕೆ ಕೊಟ್ಟು, ರಾತ್ರಿಗೆ ಬೇಕಾದಷ್ಟನ್ನು ಅಲ್ಲಿಂದಲೇ ತೆಗೆದುಕೊಳ್ಳುವ ಏರ್ಪಾಡು. ಕರ್ನಾಟಕದ ಬಿಸಿಲಿಗೆ ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಅದಕ್ಕೆ ನೆರಳು ಬೀಳದ ಸುಮಾರು 100 ಚದರ ಅಡಿ ಜಾಗ ಬೇಕು. ಆದರೆ ಮನೆಯವರಿಗೆ ಎಷ್ಟು ಹಣ ಉಳಿಯುತ್ತದೆ ಎಂಬುದನ್ನು ಬಿಸಿಲೊಂದೇ ನಿರ್ಧರಿಸುವುದಿಲ್ಲ. ಪ್ಯಾನೆಲ್ ಯಾವ ಖರ್ಚನ್ನು ತಪ್ಪಿಸುತ್ತದೆ ಎಂಬುದೇ ಮುಖ್ಯ. ಒಂದೇ ಬೀದಿಯ, ಒಂದೇ ಅಳತೆಯ ಎರಡು ತಾರಸಿಗಳಲ್ಲಿ ಒಂದು ನಾಲ್ಕೈದು ವರ್ಷದಲ್ಲಿ ಹಾಕಿದ ಹಣ ಹಿಂದಿರುಗಿಸಿದರೆ, ಇನ್ನೊಂದು ಎಂದೂ ಹಿಂದಿರುಗಿಸದೆ ಇರಬಹುದು.

ಹಿನ್ನೆಲೆ

ಸಿಲಿಕಾನ್ ಸೌರಕೋಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯ 1954ರಲ್ಲಿ ಪ್ರದರ್ಶಿಸಿದಾಗ ಅದರ ದಕ್ಷತೆ ಶೇ. 6ರಷ್ಟಿತ್ತು. ಈಗ ಮನೆಗಳಿಗೆ ಬರುವ ಪ್ಯಾನೆಲ್‌ಗಳದು ಶೇ. 20ರ ಮೇಲಿದೆ. ಕರ್ನಾಟಕದ ಮನೆಗಳಿಗೆ ಸೋಲಾರ್ ಬಂದದ್ದು ಕರೆಂಟು ಬಿಲ್ಲು ಇಳಿಸಲಿಕ್ಕಲ್ಲ, ಸೀಮೆಎಣ್ಣೆಯ ಖರ್ಚು ತಪ್ಪಿಸಲಿಕ್ಕೆ. ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ 1995ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸೆಲ್ಕೋ ಸಂಸ್ಥೆ, ಕಂಬವೇ ಬಾರದ ಅಥವಾ ಕಂಬವಿದ್ದೂ ಕರೆಂಟು ಸ್ಥಿರವಾಗಿ ಇರದ ಹಳ್ಳಿಮನೆಗಳಿಗೆ ಒಂದು ಸಣ್ಣ ಪ್ಯಾನೆಲ್, ಒಂದು ಬ್ಯಾಟರಿ, ಎರಡೋ ನಾಲ್ಕೋ ದೀಪಗಳನ್ನು ಬ್ಯಾಂಕ್ ಸಾಲದ ಕಂತಿನ ಮೇಲೆ ಒದಗಿಸಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಎರಡನೆಯ ಘಟ್ಟ ಬಚ್ಚಲುಮನೆಯದು. 2 ಕಿಲೋವ್ಯಾಟ್ ಗೀಸರ್ ದಿನಕ್ಕೊಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್ ಖರ್ಚು. ಈ ಖರ್ಚನ್ನು ತಪ್ಪಿಸುವ ಸೋಲಾರ್ ವಾಟರ್ ಹೀಟರ್ ನಗರಗಳ ಹೊಸ ಮನೆಗಳಿಗೆ ಕಡ್ಡಾಯವಾಯಿತು. ಹಾಕಿಸಿಕೊಂಡವರಿಗೆ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿಯೂ ದೊರೆಯಿತು. ಇದರಲ್ಲಿ ಕರೆಂಟು ಹುಟ್ಟುವುದಿಲ್ಲ, ನೀರು ಕಾಯುತ್ತದೆ ಅಷ್ಟೆ. ಆದರೂ ಹಾಕಿದ ಹಣಕ್ಕೆ ಹೋಲಿಸಿದರೆ ಇಂದಿಗೂ ಇದು ಸೋಲಾರ್‌ನಲ್ಲಿ ಅತ್ಯಂತ ಲಾಭದ ಬಾಬತ್ತುಗಳಲ್ಲಿ ಒಂದು. ಪ್ಯಾನೆಲ್‌ಗೆ ಮುಂಚೆ ನೋಡಬೇಕಾದದ್ದು ಇದನ್ನೇ.

ಜಾಲಕ್ಕೆ ಜೋಡಿಸುವ ಪದ್ಧತಿ ಹೆಚ್ಚಾಗಿ ಬಂದದ್ದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2013ರಲ್ಲಿ ತಾರಸಿ ವಿದ್ಯುತ್ತಿಗೆ ಯೂನಿಟ್‌ಗೆ 9.56 ರೂಪಾಯಿ ದರ ಗೊತ್ತುಮಾಡಿದ ಮೇಲೆ. ಆಗ ಕರೆಂಟು ಮಾರುವುದೇ ಲಾಭವಾಗಿತ್ತು. ಪ್ಯಾನೆಲ್ ಅಗ್ಗವಾದ ಹಾಗೆ ಆಯೋಗ ಈ ದರವನ್ನು ಇಳಿಸುತ್ತ ಬಂತು. ಈಗ ಮನೆಯವರು ಕೊಳ್ಳುವ ದರಕ್ಕಿಂತ ಮಾರುವ ದರವೇ ಕಡಿಮೆ. ಹಾಗಾಗಿ ಬಳಕೆಗಿಂತ ದೊಡ್ಡ ಘಟಕ ಹಾಕಿಸುವುದರಲ್ಲಿ ಅರ್ಥವಿಲ್ಲ.

ಮೀಟರ್ ಓಡುವ ಬಗೆ

ಪ್ಯಾನೆಲ್‌ನಿಂದ ಬರುವ ನೇರ ವಿದ್ಯುತ್ತನ್ನು ಇನ್ವರ್ಟರ್ ಮನೆಗೆ ಒಗ್ಗುವ ಪರ್ಯಾಯ ವಿದ್ಯುತ್ತಾಗಿ ಮಾಡುತ್ತದೆ. ಹಳೆಯ ಮೀಟರ್ ಜಾಗಕ್ಕೆ ಎರಡೂ ದಿಕ್ಕಿನ ಲೆಕ್ಕ ಇಡುವ ಮೀಟರ್ ಬರುತ್ತದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಮಧ್ಯಾಹ್ನ ಫ್ರಿಡ್ಜ್ ಬಿಟ್ಟರೆ ಬೇರೇನೂ ಓಡುವುದಿಲ್ಲ; ಬಹುಪಾಲು ಕರೆಂಟು ಹೊರಗೆ ಹರಿದು ಒಂದು ಅಂಕಿ ಏರುತ್ತದೆ. ಸಂಜೆ ದೀಪ, ಟೀವಿ, ಇಂಡಕ್ಷನ್ ಒಲೆ ಹೊತ್ತಿದಾಗ ಇನ್ನೊಂದು ಅಂಕಿ ಏರುತ್ತದೆ. ನೆಟ್ ಮೀಟರಿಂಗ್‌ನಲ್ಲಿ ಬಿಲ್ಲು ಬರುವುದು ಇವೆರಡರ ವ್ಯತ್ಯಾಸಕ್ಕೆ.

ಹಾಕಿಸಿದವರಿಗೆ ಮೊದಲ ಮಳೆಗಾಲದಲ್ಲೇ ಅಚ್ಚರಿ ಹುಟ್ಟಿಸುವ ಸಂಗತಿಯೊಂದಿದೆ. ಕರೆಂಟು ಹೋದರೆ ಸೋಲಾರೂ ನಿಲ್ಲುತ್ತದೆ. ಲೈನ್‌ಮನ್ ತಂತಿ ಮುಟ್ಟುವ ಹೊತ್ತಿಗೆ ಯಾವುದೋ ಮನೆಯ ತಾರಸಿಯಿಂದ ಕರೆಂಟು ಹರಿಯಬಾರದೆಂದು ಇನ್ವರ್ಟರ್ ತಾನೇ ಆರುವಂತೆ ಮಾಡಿರುತ್ತಾರೆ. ಕರೆಂಟು ಹೋದಾಗಲೂ ದೀಪ ಬೇಕೆಂದರೆ ಬ್ಯಾಟರಿಯಿರುವ ಹೈಬ್ರಿಡ್ ವ್ಯವಸ್ಥೆಯೋ ಪ್ರತ್ಯೇಕ ಯುಪಿಎಸ್ಸೋ ಇರಬೇಕು. ಬ್ಯಾಟರಿ ಸೇರಿದಾಗ ಖರ್ಚು ಏರುತ್ತದೆ, ಅಸಲು ಹುಟ್ಟುವ ಕಾಲವೂ ದೂರ ಸರಿಯುತ್ತದೆ.

ಉಳಿತಾಯದ ಲೆಕ್ಕ

ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯ ಗುರಿ ಒಂದು ಕೋಟಿ ಮನೆ, ಅದಕ್ಕೆ ತೆಗೆದಿಟ್ಟದ್ದು 75,021 ಕೋಟಿ ರೂಪಾಯಿ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000 ರೂಪಾಯಿ ಸಬ್ಸಿಡಿ. ಅಲ್ಲಿಂದ ಮುಂದೆ ಎಷ್ಟು ದೊಡ್ಡದು ಹಾಕಿಸಿದರೂ 78,000ಕ್ಕಿಂತ ಹೆಚ್ಚು ಸಿಗದು. ಸಬ್ಸಿಡಿ ಬೇಕಾದರೆ ಕೋಶಗಳೂ ಪ್ಯಾನೆಲ್‌ಗಳೂ ಭಾರತದಲ್ಲೇ ತಯಾರಾದವಾಗಿರಬೇಕು. 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆ ಬೇಕಿಲ್ಲವೆಂದು ಅದೇ ವರ್ಷ ನಿಯಮ ಸಡಿಲವಾಯಿತು.

ತಿಂಗಳಿಗೆ 350 ಯೂನಿಟ್ ಉರಿಸುವ ಮನೆಯೊಂದನ್ನು ತೆಗೆದುಕೊಳ್ಳೋಣ. 2025-26ರ ದರದಲ್ಲಿ ಯೂನಿಟ್‌ಗೆ 5.80 ರೂಪಾಯಿ, ಪಿಂಚಣಿ-ಗ್ರಾಚ್ಯುಟಿ ಸರ್‌ಚಾರ್ಜು 36 ಪೈಸೆ, ಮೇಲೆ ಶೇ. 9ರ ತೆರಿಗೆ, ಒಟ್ಟು ಸುಮಾರು 6.70 ರೂಪಾಯಿ. ಮೂರು ಕಿಲೋವ್ಯಾಟ್ ಘಟಕ ತಿಂಗಳಿಗೆ ಸರಾಸರಿ 350 ಯೂನಿಟ್ ಆಸುಪಾಸು ಕೊಡುವುದರಿಂದ ವರ್ಷಕ್ಕೆ 27-28 ಸಾವಿರ ರೂಪಾಯಿ ಉಳಿಯುತ್ತದೆ. ಹಾಕಿಸುವ ವೆಚ್ಚ 2 ಲಕ್ಷದ ಆಸುಪಾಸಿನಲ್ಲಿದ್ದು ಸಬ್ಸಿಡಿ ಕಳೆದರೆ, ಕೈಯಿಂದ ಹಾಕಿದ ದುಡ್ಡು ನಾಲ್ಕೂವರೆ ವರ್ಷದ ಹೊತ್ತಿಗೆ ಹುಟ್ಟುತ್ತದೆ. ಸಾಲ ಮಾಡಿದ್ದರೆ ಬಡ್ಡಿಯನ್ನೂ ಸೇರಿಸಬೇಕು. ಬಿಲ್ಲು ಮಾತ್ರ ಸೊನ್ನೆಗೆ ಇಳಿಯುವುದಿಲ್ಲ: ಮಂಜೂರಾದ ಲೋಡಿನ ಮೇಲೆ ಕಿಲೋವ್ಯಾಟ್‌ಗೆ 145 ರೂಪಾಯಿಯಂತೆ ನಿಗದಿತ ಶುಲ್ಕ ಪ್ರತಿ ತಿಂಗಳೂ ಬಂದೇ ಬರುತ್ತದೆ. ಮಾರಾಟಗಾರರ ಕರಪತ್ರಗಳಲ್ಲಿ ಈ ಸಾಲು ಸಾಮಾನ್ಯವಾಗಿ ಕಾಣುವುದಿಲ್ಲ.

ಎರಡನೆಯ ಮನೆ ತಿಂಗಳಿಗೆ 120 ಯೂನಿಟ್ ಬಳಸುತ್ತದೆ. 2023ರ ಆಗಸ್ಟ್‌ನಿಂದ ಜಾರಿಯಲ್ಲಿರುವ ರಾಜ್ಯದ ಗೃಹಜ್ಯೋತಿ ಯೋಜನೆಯಲ್ಲಿ, ಯೋಜನೆಗೆ ಹಿಂದಿನ ವರ್ಷದ ಸರಾಸರಿಗೆ ಶೇ. 10 ಸೇರಿಸಿ ಬರುವಷ್ಟು ಯೂನಿಟ್, 200ರ ಮಿತಿಯೊಳಗೆ, ಉಚಿತ. ಬಿಲ್ಲೇ ಇಲ್ಲದ ಈ ಮನೆಯಲ್ಲಿ ಪ್ಯಾನೆಲ್ ಉಳಿಸುವುದಾದರೂ ಏನನ್ನು? 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾದ್ದರಿಂದ ಲಾಭವೆಲ್ಲ ಆ ಗೆರೆಯ ಆಚೆ ಇರುವವರದ್ದು: ಎಸಿ, ಗೀಸರ್, ಬೋರ್‌ವೆಲ್ ಮೋಟಾರ್ ಇರುವವರು, ಎಲೆಕ್ಟ್ರಿಕ್ ಕಾರಿಗೆ ಮನೆಯಲ್ಲೇ ಚಾರ್ಜ್ ಮಾಡುವವರು. ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇರುವ ರಾಜ್ಯ, ಮನೆ ತಾರಸಿಗಳ ವಿಷಯದಲ್ಲಿ ಗುಜರಾತಿಗಿಂತ ಬಹಳ ಹಿಂದೆ ಉಳಿದದ್ದಕ್ಕೆ ಇದೂ ಒಂದು ಕಾರಣವೆನ್ನಬೇಕು.

ತಾರಸಿ, ನೆರಳು, ಧೂಳು

30×40 ನಿವೇಶನದ ಮನೆಯ ತಾರಸಿಯಲ್ಲಿ ಆಗಲೇ ಸಿಂಟೆಕ್ಸ್ ಟ್ಯಾಂಕು, ವಾಟರ್ ಹೀಟರ್, ಬಟ್ಟೆ ಒಣಹಾಕುವ ತಂತಿ, ಮೆಟ್ಟಿಲಿನ ಕೋಣೆ ಇರುತ್ತವೆ. ಪ್ಯಾನೆಲ್‌ಗಳನ್ನು ಸಾಲಾಗಿ ಜೋಡಿಸುವುದರಿಂದ ಒಂದರ ಮೇಲೆ ಟ್ಯಾಂಕಿನ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು. ಪಕ್ಕದ ನಿವೇಶನದವರು ನಾಳೆ ಮೂರನೆಯ ಮಹಡಿ ಎಬ್ಬಿಸಿದರೆ ಕೇಳುವವರಿಲ್ಲ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ 12ರಿಂದ 15 ಡಿಗ್ರಿ ವಾಲಿರುವುದು ಇಲ್ಲಿನ ಅಕ್ಷಾಂಶಕ್ಕೆ ಸರಿ.

ಬಿಸಿಲು ಹೆಚ್ಚಿದಷ್ಟೂ ಕರೆಂಟು ಹೆಚ್ಚೆಂಬುದು ಅರ್ಧ ನಿಜ. ಪ್ಯಾನೆಲ್‌ನ ಬಿಸಿ 25 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಸುಮಾರು ಶೇ. 0.3ರಿಂದ 0.4ರಷ್ಟು ಶಕ್ತಿ ಇಳಿಯುತ್ತದೆ. ಕಲಬುರಗಿಯ ಮೇ ತಿಂಗಳ ಬಿಸಿಲು ಪ್ಯಾನೆಲ್‌ಗೂ ಹಿತವಲ್ಲ. ಮಲೆನಾಡು ಮತ್ತು ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಉತ್ಪಾದನೆ ಬಿದ್ದುಹೋಗುತ್ತದೆ; ಅಲ್ಲಿ ಲೆಕ್ಕವನ್ನು ವರ್ಷಕ್ಕೆ ಹಾಕಬೇಕೇ ಹೊರತು ತಿಂಗಳಿಗಲ್ಲ. ಬಯಲುಸೀಮೆಯ ಶತ್ರು ಧೂಳು. ತೊಳೆಯುವಾಗ ಬೋರ್‌ವೆಲ್‌ನ ಗಡಸು ನೀರನ್ನು ಬಿಸಿಲಲ್ಲಿ ಒಣಗಲು ಬಿಟ್ಟರೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ. ಬೆಳಗಿನ ಜಾವ, ಗಾಜು ತಣ್ಣಗಿರುವಾಗ, ಮೆದು ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಪ್ಯಾನೆಲ್‌ನ ಉತ್ಪಾದನೆ ವರ್ಷಕ್ಕೆ ಸುಮಾರು ಅರ್ಧ ಶೇಕಡಾದಷ್ಟು ಇಳಿಯುತ್ತ 25 ವರ್ಷ ನಡೆಯುತ್ತದೆ. ಇನ್ವರ್ಟರ್ ಅಷ್ಟು ಬಾಳುವುದಿಲ್ಲ. ಹತ್ತು-ಹನ್ನೆರಡು ವರ್ಷಕ್ಕೊಮ್ಮೆ ಬದಲಿಸುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಅಪಾರ್ಟ್‌ಮೆಂಟುಗಳಲ್ಲಿ ತಾರಸಿ ಎಲ್ಲರದೂ ಹೌದು, ಯಾರೊಬ್ಬರದೂ ಅಲ್ಲ. ಅಲ್ಲಿನ ನಿವಾಸಿಗಳ ಸಂಘಗಳಿಗೆ ಲಿಫ್ಟ್, ನೀರಿನ ಪಂಪು, ಮೆಟ್ಟಿಲ ದೀಪಗಳಂಥ ಸಾಮಾನ್ಯ ಬಳಕೆಗೆಂದು 500 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಬ್ಸಿಡಿ ಇದೆ. ಹೀಗೆ ಉಳಿದ ಹಣ ಯಾರ ಮನೆಯ ಕರೆಂಟು ಬಿಲ್ಲಿನಲ್ಲೂ ಕಾಣದು. ತಿಂಗಳ ನಿರ್ವಹಣಾ ಶುಲ್ಕದಲ್ಲಿ ಇಳಿದು ಬಂದರೆ ಬಂತು.