ಟೊಂಕನೋವಿನ ಮದ್ದು: ಲಕ್ಕಿ ಸೊಪ್ಪಿನಿಂದ ಸೂಜಿಯವರೆಗೆ

ಹಾನಗಲ್ಲಿನ ಗದ್ದೆಯಲ್ಲಿ ಕಳೆ ಕೀಳುವುದು, ಶಿಗ್ಗಾವಿಯ ಹೊಲದಲ್ಲಿ ಹತ್ತಿ ಬಿಡಿಸುವುದು, ಹಿರೇಕೆರೂರಿನಲ್ಲಿ ಗೋವಿನಜೋಳದ ಚೀಲ ಹೊರುವುದು, ಸವಣೂರಿನ ಎಲೆತೋಟದಲ್ಲಿ ದಿನವಿಡೀ ದುಡಿಯುವುದು ಎಲ್ಲವೂ ಟೊಂಕದ ಮೇಲೆ ಬೀಳುವ ಕೆಲಸಗಳೇ. ಈ ಸೀಮೆಯಲ್ಲಿ ಟೊಂಕನೋವಿಗೆ ಮದ್ದು ಹುಡುಕುವುದು ಬೇಸಾಯದಷ್ಟೇ ಹಳೆಯದು. ಅದರ ಬಹುಪಾಲು ಬರಹಕ್ಕೆ ಇಳಿಯದೆ ಕೈಯಿಂದ ಕೈಗೆ ಬಂದಿದೆ.

ಮೊದಲ ಮದ್ದು ಶಾಖ. ಲಕ್ಕಿ ಸೊಪ್ಪು ಕುದಿಸಿದ ನೀರನ್ನು ಸೊಂಟಕ್ಕೆ ಹುಯ್ಯುತ್ತಾರೆ; ಎಕ್ಕದ ಎಲೆಗೆ ಎಣ್ಣೆ ಸವರಿ, ಹೆಂಚಿನ ಮೇಲೆ ಬಾಡಿಸಿ, ನೋಯುವ ಜಾಗಕ್ಕೆ ಒತ್ತುತ್ತಾರೆ; ಹರಳುಪ್ಪನ್ನು ಹುರಿದು ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟಿ, ಆರುವ ಮುನ್ನ ಬೆನ್ನಿನುದ್ದಕ್ಕೂ ಆಡಿಸುತ್ತಾರೆ. ಬಿಗಿದ ಸ್ನಾಯು ಬಿಸಿಗೆ ಸಡಿಲಗೊಳ್ಳುವುದರಿಂದ ಇವುಗಳಿಂದ ಸಿಗುವ ಆರಾಮ ನಿಜವಾದದ್ದು. ಹಠಾತ್ತನೆ ಟೊಂಕ ಹಿಡಿದರೆ ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳುವ ನಂಬಿಕೆಯೂ ಕನ್ನಡ ನಾಡಿನಲ್ಲಿ ಉಂಟು. ಕಾದ ಕಬ್ಬಿಣದಿಂದ ಬರೆ ಹಾಕುವುದು ಮಾತ್ರ ಕ್ರೂರ ಮದ್ದು; ಅದು ಗಾಯವನ್ನೂ ಕೀವನ್ನೂ ಉಳಿಸಿಹೋದದ್ದೇ ಹೆಚ್ಚು.

ಶಾಸ್ತ್ರದಲ್ಲಿಯೂ ಬೆಂಕಿ ಮತ್ತು ಮೊನೆ ಎರಡಕ್ಕೂ ಜಾಗವಿದೆ. ಸೊಂಟದಿಂದ ಕಾಲಿಗೆ ಇಳಿಯುವ ಗೃಧ್ರಸಿ ನೋವಿಗೆ ಮೊಣಕಾಲ ಸಂದಿನಿಂದ ನಾಲ್ಕು ಅಂಗುಲ ಮೇಲೆ ಅಥವಾ ಕೆಳಗೆ ಸಿರೆ ಚುಚ್ಚಿ ರಕ್ತ ತೆಗೆಯಬೇಕೆಂದು ಸುಶ್ರುತ ಸಂಹಿತೆ ಹೇಳುತ್ತದೆ. ಚೀನಾದ ವೈದ್ಯರು ಸೊಂಟನೋವಿಗೆ ಸೂಜಿ ಹಾಕುವ ಮುಖ್ಯ ಬಿಂದುಗಳಲ್ಲಿ ಒಂದು ಮೊಣಕಾಲ ಹಿಂದಿನ ಮಡಿಕೆಯಲ್ಲಿದೆ. ಹೋಲಿಕೆ ಕುತೂಹಲದ್ದು, ಆದರೆ ಒಂದರಿಂದ ಇನ್ನೊಂದು ಹುಟ್ಟಿತೆನ್ನಲು ಇಷ್ಟೇ ಸಾಲದು. ಕನ್ನಡದಲ್ಲಿ ವೈದ್ಯಗ್ರಂಥಗಳು 12ನೇ ಶತಮಾನಕ್ಕಾಗಲೇ ಬಂದಿದ್ದವು. ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ ಆ ಕಾಲದ್ದು. ಹಿರೇಕೆರೂರಿಗೆ ಹೊಂದಿಕೊಂಡಿರುವ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೋಡಿಯ ಮಠವು ದಿಕ್ಕಿಲ್ಲದ ರೋಗಿಗಳಿಗೆ ಮದ್ದು ಕೊಡುವ ತಾಣವೂ ಆಗಿತ್ತೆಂದು ಅದೇ ಶತಮಾನದ ಶಾಸನ ಹೊಗಳುತ್ತದೆ.

ಬ್ರಿಟಿಷರ ಕಾಲಕ್ಕೆ ಈ ಸೀಮೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಹಿರೇಕೆರೂರು ಕೋಡ ತಾಲ್ಲೂಕಿನ, ಶಿಗ್ಗಾವಿ ಬಂಕಾಪುರ ತಾಲ್ಲೂಕಿನ ಕಚೇರಿ ಊರುಗಳು. ಸವಣೂರು ಮಾತ್ರ ನವಾಬರ ಸಂಸ್ಥಾನ. 1938ರ ಮುಂಬಯಿ ಕಾಯ್ದೆ ವೈದ್ಯರ, ಹಕೀಮರ ಹೆಸರು ನೋಂದಾಯಿಸುವ ದಾರಿ ತೆರೆಯಿತು. ಏಕೀಕರಣದ ನಂತರ 1961ರ ರಾಜ್ಯ ಕಾಯ್ದೆ ಆಯುರ್ವೇದದ ಜೊತೆಗೆ ಪ್ರಕೃತಿ ಚಿಕಿತ್ಸೆಯನ್ನೂ ಸೇರಿಸಿಕೊಂಡಿತು. ಮುಂದೆ ಸೂಜಿ ಚಿಕಿತ್ಸೆ (ಆಕ್ಯುಪಂಕ್ಚರ್) ಕರ್ನಾಟಕದಲ್ಲಿ ಬೇರು ಬಿಟ್ಟದ್ದು ಮುಖ್ಯವಾಗಿ ಈ ಪ್ರಕೃತಿ ಚಿಕಿತ್ಸೆಯ ಆಸರೆಯಲ್ಲೇ.

ಸೂಜಿ ಭಾರತಕ್ಕೆ ಬಂದ ಕತೆಯ ಒಂದು ಎಳೆ ಕನ್ನಡದ ಗಡಿಯಲ್ಲಿದೆ. 1938ರಲ್ಲಿ ಕಾಂಗ್ರೆಸ್ ಚೀನಾಕ್ಕೆ ಕಳಿಸಿದ ಐವರು ವೈದ್ಯರಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಒಬ್ಬರು; ಗಾಯಾಳುಗಳ ಶಸ್ತ್ರಚಿಕಿತ್ಸೆಯಲ್ಲಿ ತೊಡಗಿದ್ದಾಗಲೇ 1942ರಲ್ಲಿ, 32ನೇ ವಯಸ್ಸಿನಲ್ಲಿ ಅಲ್ಲೇ ತೀರಿಕೊಂಡರು. ಅವರ ಸಂಗಡಿಗ ಬಿ.ಕೆ. ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಆಕ್ಯುಪಂಕ್ಚರ್ ಕಲಿತು ಕಲ್ಕತ್ತೆಯಲ್ಲಿ ಚಿಕಿತ್ಸೆ ಆರಂಭಿಸಿದರು. ಕರ್ನಾಟಕದಲ್ಲಿ 1989ರಲ್ಲಿ ಉಜಿರೆಯ ಎಸ್‌ಡಿಎಂ ಪ್ರಕೃತಿ ಚಿಕಿತ್ಸಾ ಕಾಲೇಜು ತೆರೆಯಿತು. ಅಲ್ಲಿ ಕಲಿಸುವ ಬಿಎನ್‌ವೈಎಸ್ ಪದವಿಯ ಪಠ್ಯದಲ್ಲಿ ಆಕ್ಯುಪಂಕ್ಚರ್ ಇದೆ. 2019ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಒಪ್ಪಿತು.

ಒಪ್ಪಿಗೆ ಬೇರೆ, ಗುಣ ಬೇರೆ. ದಿನನಿತ್ಯದ ದವಾಖಾನೆಯಲ್ಲಿ ಸೂಜಿ ಎಷ್ಟು ಕೆಲಸ ಮಾಡುತ್ತದೆಂಬುದನ್ನು ದೊಡ್ಡ ಪ್ರಮಾಣದಲ್ಲಿ ಅಳೆದವರು ಜರ್ಮನ್ನರು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಳೆಯ ಸೊಂಟನೋವಿನ 11,630 ಮಂದಿ ಇದ್ದರು. ಚೀಟಿ ಎತ್ತಿದಂತೆ ಹಂಚಿದ 3,093 ಮಂದಿಯಲ್ಲಿ ಕೂಡಲೇ ಸೂಜಿ ಹಾಕಿಸಿಕೊಂಡವರು, ಕಾದವರಿಗಿಂತ ಮೂರು ತಿಂಗಳಲ್ಲಿ ಸ್ಪಷ್ಟವಾಗಿ ಸುಧಾರಿಸಿದರು. ಆದರೆ ತನಗೆ ಚಿಕಿತ್ಸೆ ಸಿಕ್ಕಿದೆ ಎಂದು ತಿಳಿದವನ ಭರವಸೆಯೂ ಆ ಲೆಕ್ಕದಲ್ಲಿ ಬೆರೆತಿರುತ್ತದೆ. 2007ರ ಇನ್ನೊಂದು ಪರೀಕ್ಷೆ ಈ ತೊಡಕನ್ನೇ ಬಿಡಿಸಹೊರಟಿತು. 1,162 ಮಂದಿಯನ್ನು ಮೂರು ಪಾಲು ಮಾಡಿ, ಒಂದು ಪಾಲಿಗೆ ಚೀನೀ ಬಿಂದುಗಳಲ್ಲಿ ಸೂಜಿ, ಇನ್ನೊಂದಕ್ಕೆ ಬಿಂದುವಲ್ಲದ ಕಡೆ ಮೇಲುಮೇಲೆ ಚುಚ್ಚುವ ತೋರಿಕೆಯ ಸೂಜಿ, ಮೂರನೆಯದಕ್ಕೆ ಔಷಧ, ವ್ಯಾಯಾಮಗಳ ರೂಢಿಯ ಚಿಕಿತ್ಸೆ ಕೊಟ್ಟರು. ಆರು ತಿಂಗಳಿಗೆ ಗುಣ ಕಂಡವರು ಕ್ರಮವಾಗಿ ಶೇ. 47.6, 44.2 ಮತ್ತು 27.4. ಬಿಂದು ಯಾವುದೆಂಬುದು ಅಷ್ಟಾಗಿ ಮುಖ್ಯವಲ್ಲ ಎಂಬುದನ್ನು ಈ ಅಂಕಿಗಳು ಬಿಡಿಸಿ ಹೇಳುತ್ತವೆ. ಚುಚ್ಚುವಿಕೆಯೋ, ವೈದ್ಯ ಕೊಟ್ಟ ಗಮನವೋ, ರೋಗಿಯ ನಿರೀಕ್ಷೆಯೋ ಹೆಚ್ಚಿನ ಕೆಲಸ ಮಾಡಿದೆ. ಬಿಸಿ ಉಪ್ಪಿನ ಗಂಟು ಹಿಡಿದು ಪಕ್ಕದಲ್ಲಿ ಕೂತ ಮನೆಯವರ ಆರೈಕೆಯನ್ನೂ ಇದೇ ಕಣ್ಣಿನಿಂದ ನೋಡಬೇಕು.

ಇಂಥ ಅಧ್ಯಯನಗಳ ಪ್ರಶ್ನಾವಳಿಗಳು ಬಗ್ಗುವುದು, ಭಾರ ಎತ್ತುವುದು ಸಾಧ್ಯವೇ ಎಂದು ಕೇಳುತ್ತವೆ. ಹಾನಗಲ್ ಸೀಮೆಯಲ್ಲಿ ಅಳೆಯುವುದಾದರೆ ಕುಕ್ಕರಗಾಲಲ್ಲಿ ಕೂತು ಸಾಲು ಮುಗಿಯುವವರೆಗೆ ಕಳೆ ತೆಗೆಯಲಾಗುವುದೇ ಎಂದೇ ಕೇಳಬೇಕಾಗುತ್ತದೆ. ಜರ್ಮನಿ 2007ರಲ್ಲಿ ಸೂಜಿ ಚಿಕಿತ್ಸೆಯನ್ನು ಸಾರ್ವಜನಿಕ ವಿಮೆಗೆ ಸೇರಿಸಿತು. ಬ್ರಿಟನ್ನಿನ ಮಾರ್ಗಸೂಚಿ 2009ರಲ್ಲಿ ಶಿಫಾರಸು ಮಾಡಿ 2016ರಲ್ಲಿ ಕೈಬಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಪುರಾವೆ ದುರ್ಬಲವೆಂದು ಒಪ್ಪಿಕೊಂಡೇ ಸೂಜಿಗೆ ಷರತ್ತಿನ ಸಮ್ಮತಿ ಕೊಟ್ಟಿತು. ತಿಳುವಳಿಕೆ ಮತ್ತು ವ್ಯಾಯಾಮಕ್ಕೂ ಅದರ ಶಿಫಾರಸಿದೆ. ಔಷಧ ಅಂಗಡಿಗಳಲ್ಲಿ ಮಾರುವ ಸೊಂಟದ ಪಟ್ಟಿಯನ್ನು ಮಾತ್ರ ಅದು ವಾಡಿಕೆಯ ಚಿಕಿತ್ಸೆಯಾಗಿ ಬೇಡವೆಂದಿದೆ.